ತುರಂದೋತ್ ಒಂದು ಮುತ್ತಿಗೆ ಕರಗಿದಳಾ?

ಪ್ರಶ್ನೆ: ನಮಸ್ಕಾರ ಸರ್. ನನ್ನ ಊರು ದಾವಣಗೆರೆ. ಎರಡು ವರ್ಷದಿಂದ ವಿಯೆನ್ನಾದಲ್ಲಿ ಕೆಲಸ. ಸಂಗೀತದಲ್ಲಿ ನನಗೆ ಗೊತ್ತಿರುವುದು ಭಾವಗೀತೆ, ಸಿನಿಮಾ ಹಾಡು, ಅಷ್ಟೇ. ಆಫೀಸಿನವರು ಬಿಡಲಿಲ್ಲ ಅಂತ ಇಲ್ಲಿನ ಸ್ಟೇಟ್ ಒಪೆರಾದಲ್ಲಿ ನಿಂತು ನೋಡುವ ಟಿಕೆಟ್ ತಗೊಂಡು ಪುಚ್ಚೀನಿಯ ‘ತುರಂದೋತ್’ ನೋಡಿದೆ. ಹೋಗುವ ಮುಂಚೆ ನ್ಯೂಯಾರ್ಕಿನ ಹಳೇ ಪ್ರಯೋಗದ ತುಣುಕುಗಳನ್ನು ನೋಡಿದ್ದೆ. ಬಂಗಾರದ ಅರಮನೆ, ರಂಗದ ತುಂಬ ಜನ, ಕಣ್ಣು ಕುಕ್ಕುವ ಉಡುಪು. ಇಲ್ಲಿ ನೋಡಿದರೆ ಸರ್ಕಾರಿ ಕಚೇರಿ ಥರದ ಕೋಣೆ, ಸೂಟು ಹಾಕಿದ ಗುಮಾಸ್ತರು, ಒಂದು ಬಾಗಿಲು! ಚೀನಾ ಎಲ್ಲಿ ಹೋಯ್ತು? ಅದಕ್ಕಿಂತ ಹೆಚ್ಚಾಗಿ, ಅಷ್ಟೊಂದು ಜನರ ತಲೆ ಕಡಿಸಿದ ರಾಜಕುಮಾರಿ ಒಂದು ಮುತ್ತಿಗೆ ಕರಗಿಬಿಡ್ತಾಳಾ? ಪ್ರಾಣ ಬಿಟ್ಟ ಆ ಬಡ ಹುಡುಗಿಯನ್ನು ಎಲ್ಲರೂ ಮರೆತೇಬಿಟ್ಟರಲ್ಲ! ಇದು ನಿರ್ದೇಶಕರ ತಪ್ಪಾ, ಕಥೆಯ ತಪ್ಪಾ, ಅಥವಾ ನನಗೇ ಅರ್ಥ ಆಗಲಿಲ್ವಾ?

ಉತ್ತರ: ತಪ್ಪು ನಿಮ್ಮದಂತೂ ಅಲ್ಲ. ನೀವು ಎಡವಿದ ಜಾಗದಲ್ಲೇ ಇದಕ್ಕೆ ಸಂಗೀತ ಬರೆದ ಇಟಲಿಯ ಪುಚ್ಚೀನಿಯೂ ಎಡವಿದ. ನೀವು ಮನೆಗೆ ಹೋಗಿ ನನಗೆ ಕಾಗದ ಬರೆದಿರಿ. ಅವನಿಗೆ ಅಲ್ಲಿಂದ ಮುಂದೆ ಹೋಗಲು ಆಗಲೇ ಇಲ್ಲ.

ಈ ಒಪೆರಾ ನೋಡದವರಿಗಾಗಿ ಕಥೆ ಹೇಳಿಬಿಡುತ್ತೇನೆ. ಪೀಕಿಂಗಿನ, ಅಂದರೆ ಈಗಿನ ಬೀಜಿಂಗಿನ, ರಾಜಕುಮಾರಿ ತುರಂದೋತ್ ತನ್ನನ್ನು ಮದುವೆಯಾಗಲು ಬಂದವರಿಗೆಲ್ಲ ಮೂರು ಒಗಟು ಹಾಕುತ್ತಾಳೆ. ಬಿಡಿಸಿದರೆ ಮದುವೆ, ಸೋತರೆ ತಲೆದಂಡ. ರಾಜ್ಯ ಕಳೆದುಕೊಂಡು ಅಲೆಯುತ್ತಿದ್ದ ಕಲಾಫ್ ಎಂಬ ರಾಜಕುಮಾರ ಅವಳನ್ನು ಒಂದೇ ಒಂದು ಸಲ ನೋಡಿ ಮರುಳಾಗುತ್ತಾನೆ. ಅವನ ಮುದಿ ತಂದೆ ತಿಮೂರ್ ಬೇಡ ಅನ್ನುತ್ತಾನೆ. ಆ ತಂದೆಯನ್ನು ಕೈಹಿಡಿದು ನಡೆಸಿಕೊಂಡು ಬಂದ ದಾಸಿ ಲಿಯೂ ಅಳುತ್ತಾಳೆ. ಇವನು ಕೇಳುವುದಿಲ್ಲ. ಮೂರೂ ಒಗಟು ಬಿಡಿಸುತ್ತಾನೆ. ರಾಜಕುಮಾರಿ ಈಗ ಮದುವೆಗೆ ಒಲ್ಲೆ ಅನ್ನುತ್ತಾಳೆ. ಆಗ ಇವನೇ ಒಂದು ಒಗಟು ಹಾಕುತ್ತಾನೆ: ಬೆಳಗಾಗುವುದರೊಳಗೆ ನನ್ನ ಹೆಸರು ಪತ್ತೆ ಮಾಡು, ಮಾಡಿದರೆ ನನ್ನ ತಲೆ ನಿನ್ನದು. ಮುದುಕನನ್ನು ಉಳಿಸಲು ಲಿಯೂ ಆ ಹೆಸರು ತನಗೊಬ್ಬಳಿಗೇ ಗೊತ್ತು ಅನ್ನುತ್ತಾಳೆ. ಚಿತ್ರಹಿಂಸೆಗೆ ಬಾಯಿಬಿಟ್ಟೇನು ಎಂಬ ಭಯಕ್ಕೆ ಅವಳು ಕಾವಲುಗಾರನ ಕಠಾರಿ ಕಿತ್ತುಕೊಂಡು ಚುಚ್ಚಿಕೊಂಡು ಸಾಯುತ್ತಾಳೆ. ಆಮೇಲೆ ಕಲಾಫ್ ರಾಜಕುಮಾರಿಗೆ ಮುತ್ತಿಡುತ್ತಾನೆ, ಅವಳು ಕರಗುತ್ತಾಳೆ, ಜನ ಜೈಕಾರ ಹಾಕುತ್ತಾರೆ.

ಲಿಯೂ ಸತ್ತಳಲ್ಲ, ಅವಳ ಹೆಣ ಹೊತ್ತುಕೊಂಡು ಜನ ನಿಧಾನಕ್ಕೆ ಹೊರಗೆ ಹೋಗುತ್ತಾರಲ್ಲ, ಪುಚ್ಚೀನಿ ಪೂರ್ತಿ ಮಾಡಿದ ಸಂಗೀತ ಅಲ್ಲಿಗೆ ಮುಗಿಯಿತು. ಅವನಿಗೆ ಗಂಟಲು ಕ್ಯಾನ್ಸರ್. 1924ರ ನವೆಂಬರಿನಲ್ಲಿ ರೇಡಿಯಂ ಚಿಕಿತ್ಸೆಗೆಂದು ಬ್ರಸೆಲ್ಸ್‌ಗೆ ಹೋದ. ಕೊನೆಯ ದೃಶ್ಯದ ಕರಡು ಹಾಳೆಗಳನ್ನೂ ಜೊತೆಗೆ ಒಯ್ದಿದ್ದ. ನವೆಂಬರ್ 29ರಂದು ಅಲ್ಲೇ ತೀರಿಕೊಂಡ. ಆಗ ಅವನಿಗೆ 65 ವರ್ಷ. ಉಳಿದದ್ದು 23 ಹಾಳೆ. ಒಂದು ಕಡೆ ‘ಆಮೇಲೆ ತ್ರಿಸ್ತಾನ್’ ಅಂತ ಗೀಚಿಕೊಂಡಿದ್ದ. ಜರ್ಮನ್ ಸಂಗೀತಗಾರ ವಾಗ್ನರನ ‘ತ್ರಿಸ್ತಾನ್’ ಒಪೆರಾದ ಪ್ರೇಮದ ಎತ್ತರಕ್ಕೆ ಇಲ್ಲಿ ಏರಬೇಕು ಅನ್ನುವ ಆಸೆ ಇರಬೇಕು. ಏರುವುದು ಹೇಗೆ ಅಂತ ಹಾಳೆಯಲ್ಲಿ ಇಲ್ಲ.

ಹದಿನೇಳು ತಿಂಗಳಾದ ಮೇಲೆ, 1926ರ ಏಪ್ರಿಲ್ 25ರಂದು, ಮಿಲಾನಿನ ಲಾ ಸ್ಕಾಲಾ ಒಪೆರಾ ಮಂದಿರದಲ್ಲಿ ಮೊದಲ ಪ್ರಯೋಗ. ವಾದ್ಯಮೇಳ ನಡೆಸಿದವರು ಆರ್ತುರೋ ತೊಸ್ಕಾನಿನಿ. ಲಿಯೂ ಸತ್ತ ದೃಶ್ಯ ಮುಗಿಯುತ್ತಿದ್ದಂತೆ ಅವರು ಕೈಯಲ್ಲಿದ್ದ ಕೋಲು ಕೆಳಗಿಟ್ಟರು. ಜನರ ಕಡೆ ತಿರುಗಿ, ಮಾಸ್ತರರು ತೀರಿಕೊಂಡಿದ್ದು ಇಲ್ಲಿಗೆ, ಒಪೆರಾ ಇಲ್ಲಿಗೆ ಮುಗಿಯಿತು ಎಂಬರ್ಥದ ಎರಡು ಮಾತು ಹೇಳಿದರು. ಪರದೆ ಬಿತ್ತು. ಮುತ್ತು, ಮದುವೆ, ಜೈಕಾರ ಯಾವುದೂ ಆ ರಾತ್ರಿ ಇರಲಿಲ್ಲ. ಅದೆಲ್ಲ ಬಂದದ್ದು ಎರಡನೇ ಪ್ರದರ್ಶನದಿಂದ. ಆ ಕರಡು ಹಾಳೆಗಳನ್ನು ಇಟ್ಟುಕೊಂಡು ಅದನ್ನು ಬರೆದವರು ಫ್ರಾಂಕೋ ಆಲ್ಫಾನೋ ಎಂಬ ಬೇರೆ ಸಂಗೀತಗಾರ.

ಹಾಗಾಗಿ ‘ಒಂದು ಮುತ್ತಿಗೆ ಕರಗಿಬಿಡ್ತಾಳಾ?’ ಅಂತ ನೀವು ಕೇಳಿದ ಪ್ರಶ್ನೆ ಸುಮಾರು ನೂರು ವರ್ಷ ಹಳೆಯದು. ಈ ಒಪೆರಾದ ಪ್ರತಿ ಹೊಸ ಪ್ರಯೋಗವೂ ಅದೇ ಪ್ರಶ್ನೆಗೆ ಒಂದು ಉತ್ತರ. ಅರಮನೆ ಬೇಕಾ ಕಚೇರಿ ಬೇಕಾ ಅನ್ನುವುದೆಲ್ಲ ಅದಾದ ಮೇಲಿನ ಮಾತು.

ಅಯ್ಯೋ, ಆಯುಸ್ಸು ಸಾಲಲಿಲ್ಲ, ಇಲ್ಲದಿದ್ದರೆ ಮುಗಿಸುತ್ತಿದ್ದ ಅಂತ ಬಹಳ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಲಿಯೂ ಸಾವಿನವರೆಗಿನ ಸಂಗೀತ 1924ರ ವಸಂತದ ಹೊತ್ತಿಗೇ ಮುಗಿದಿತ್ತು. ಆಮೇಲೆ ಅವನಿಗೆ ತಿಂಗಳುಗಟ್ಟಲೆ ಸಮಯವಿತ್ತು. ಸಾಹಿತ್ಯ ಬರೆದ ಆದಾಮಿ ಮತ್ತು ಸಿಮೋನಿ ಇಬ್ಬರಿಂದ ಕೊನೆಯ ಯುಗಳಗೀತೆಯನ್ನು ಮತ್ತೆ ಮತ್ತೆ ಬರೆಸಿದ. ಒಂದೂ ಹಿಡಿಸಲಿಲ್ಲ. ಸಾವು ಬಂದು ಅಡ್ಡ ನಿಲ್ಲುವ ಮುಂಚೆಯೇ ಅವನು ಕಟ್ಟಿಬಿದ್ದಿದ್ದ.

ಕಟ್ಟಿಹಾಕಿದವಳು ಲಿಯೂ. ಮೂಲ ಕಥೆಯಲ್ಲಿ ಅವಳು ಇಲ್ಲವೇ ಇಲ್ಲ. 1762ರಲ್ಲಿ ವೆನಿಸಿನ ಕಾರ್ಲೋ ಗೋತ್ಸಿ ಬರೆದ ನಾಟಕದಲ್ಲಿ ಅವಳ ಜಾಗದಲ್ಲಿ ಆದೆಲ್ಮಾ ಎಂಬ ಇನ್ನೊಬ್ಬ ರಾಜಕುಮಾರಿ ಇದ್ದಾಳೆ. ಸೆರೆಯಾಳಾಗಿ ಬಂದವಳು, ತುರಂದೋತ್‌ಗೆ ಎದುರಾಳಿ, ಕುತಂತ್ರ ಮಾಡುವವಳು. ಪುಚ್ಚೀನಿ ಅವಳನ್ನು ತೆಗೆದು ಒಬ್ಬ ದಾಸಿಯನ್ನು ತಂದ. ‘ನೀನು ಯಾಕೆ ಇಷ್ಟು ಕಷ್ಟಪಟ್ಟೆ?’ ಅಂತ ಕಲಾಫ್ ಕೇಳಿದಾಗ ಅವಳು ಕೊಡುವ ಉತ್ತರ ನೆನಪಿದೆಯಾ? ‘ಒಂದು ದಿನ ಅರಮನೆಯಲ್ಲಿ ನೀವು ನನ್ನನ್ನು ನೋಡಿ ನಕ್ಕಿರಿ, ಅದಕ್ಕೆ.’ ಆ ಸಾಲಿನ ಕೊನೆಯಲ್ಲಿ ಸ್ವರ ತೆಳ್ಳಗಾಗುತ್ತಾ ಮೇಲಕ್ಕೆ ಹೋಗಿ ನಿಲ್ಲುತ್ತದೆ. ಅರ್ಧ ನಿಮಿಷವೂ ಇಲ್ಲದ ಮಾತು. ಅಲ್ಲಿಂದಾಚೆಗೆ ನೋಡುವವರ ಮನಸ್ಸು ಪೂರ್ತಿ ಅವಳ ಕಡೆ. ಪುಚ್ಚೀನಿ ತನ್ನಲ್ಲಿದ್ದ ಪ್ರೀತಿಯನ್ನೆಲ್ಲ ದಾಸಿಗೆ ಕೊಟ್ಟುಬಿಟ್ಟ. ರಾಜಕುಮಾರಿಗೆ ಕೊಡಲು ಏನೂ ಉಳಿಯಲಿಲ್ಲ.

ಇದರ ಹಿಂದೆ ಒಂದು ನೋವಿನ ಸಂಗತಿಯೂ ಇದೆ. ತೊರ್ರೆ ದೆಲ್ ಲಾಗೋ ಊರಿನ ಪುಚ್ಚೀನಿ ಮನೆಯಲ್ಲಿ ದೋರಿಯಾ ಮನ್ಫ್ರೇದಿ ಎಂಬ ಹುಡುಗಿ ಕೆಲಸಕ್ಕಿದ್ದಳು. ಗಂಡನ ಜೊತೆ ಸಂಬಂಧ ಇದೆ ಅಂತ ಪುಚ್ಚೀನಿಯ ಹೆಂಡತಿ ಊರೆಲ್ಲ ಸಾರಿದಳು. ಹುಡುಗಿ 1909ರಲ್ಲಿ ವಿಷ ಕುಡಿದು ಸತ್ತಳು. ಮರಣೋತ್ತರ ಪರೀಕ್ಷೆಯಲ್ಲಿ ಆ ಆರೋಪ ಸುಳ್ಳು ಅಂತ ತಿಳಿಯಿತು. ಕೋರ್ಟು ಹೆಂಡತಿಗೆ ಶಿಕ್ಷೆಯನ್ನೂ ವಿಧಿಸಿತು. ಕೊನೆಗೆ ಪುಚ್ಚೀನಿ ಹುಡುಗಿಯ ಮನೆಯವರಿಗೆ ದುಡ್ಡು ಕೊಟ್ಟು ರಾಜಿ ಮಾಡಿಕೊಂಡ. ಲಿಯೂ ಅಂದ್ರೆ ದೋರಿಯಾನೇ ಅಂತ ನಾನು ಹೇಳುವುದಿಲ್ಲ. ಕಲೆ ಅಷ್ಟು ನೇರಕ್ಕೆ ನಡೆಯುವುದಿಲ್ಲ. ಆದರೆ ಬಾಯಿಬಿಡದೆ ಪ್ರಾಣ ಬಿಟ್ಟ ಕೆಲಸದ ಹುಡುಗಿಯ ಶವಯಾತ್ರೆಗೆ ಇಂಥ ಸಂಗೀತ ಬರೆದವನು, ಮರುಕ್ಷಣವೇ ಮದುವೆ ಊಟದ ಹಾಡು ಬರೆಯಲು ಕೂತಾಗ ಕೈ ಏಳದೇ ಹೋದದ್ದು ನನಗಂತೂ ವಿಚಿತ್ರ ಅನ್ನಿಸುವುದಿಲ್ಲ.

ಅವಳನ್ನು ಎಲ್ಲರೂ ಮರೆತರು ಅಂದಿರಿ. ಪೂರ್ತಿ ಅಲ್ಲ. ಹೆಣ ಹೊರಗೆ ಹೋದ ಮೇಲೆ ಕಲಾಫ್ ರಾಜಕುಮಾರಿಗೆ ‘ನೋಡು ಕ್ರೂರಿ, ನಿನಗಾಗಿ ಚೆಲ್ಲಿದ ಆ ಶುದ್ಧ ರಕ್ತವನ್ನು ನೋಡು’ ಅನ್ನುತ್ತಾನೆ. ಅಷ್ಟು ಹೇಳಿ ಅವಳ ಮುಸುಕು ಹರಿಯುತ್ತಾನೆ. ಅವಳು ನನ್ನನ್ನು ಮುಟ್ಟಬೇಡ, ಅಪವಿತ್ರ ಮಾಡಬೇಡ ಅನ್ನುತ್ತಾಳೆ. ಇವನು ಬಲವಂತವಾಗಿ ಮುತ್ತಿಡುತ್ತಾನೆ. 1926ರಲ್ಲಿ ಇದನ್ನು ಪ್ರೇಮ ಅಂತ ನೋಡಿದರು. ಇವತ್ತು ನೋಡಿದರೆ ಮುಜುಗರ ಆಗುತ್ತದೆ. ನಿಮ್ಮ ಅಕ್ಕಪಕ್ಕ ನಿಂತವರಿಗೂ ಆಗಿರುತ್ತದೆ, ಯಾರೂ ಹೇಳಿರುವುದಿಲ್ಲ.

ಈಗ ನೀವು ನೋಡಿದ ಪ್ರಯೋಗಕ್ಕೆ ಬರೋಣ. ಅದು ಜರ್ಮನ್ ನಿರ್ದೇಶಕ ಕ್ಲಾವ್ಸ್ ಗುತ್ ಮಾಡಿದ್ದು. ಮೊದಲ ಸಲ ಬಂದದ್ದು 2023ರ ಡಿಸೆಂಬರಿನಲ್ಲಿ. ಆಗ ತುರಂದೋತ್ ಆಗಿ ಹಾಡಿದವರು ಅಸ್ಮಿಕ್ ಗ್ರಿಗೊರಿಯನ್, ಕಲಾಫ್ ಆಗಿ ಯೋನಾಸ್ ಕೌಫ್ಮನ್. ಗುತ್ ಕಾದಂಬರಿಕಾರ ಕಾಫ್ಕಾನ ಲೋಕವನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದಾರೆ. ಒಳಗೆ ಯಾರಿದ್ದಾರೆ, ಯಾಕೆ ಕಾಯಬೇಕು, ಯಾರು ತೀರ್ಪು ಕೊಡುತ್ತಾರೆ ಒಂದೂ ಗೊತ್ತಾಗದ ಬಾಗಿಲು. ನಿಮಗೆ ಸರ್ಕಾರಿ ಕಚೇರಿ ನೆನಪಾದದ್ದು ಸರಿಯಾಗೇ ಇದೆ.

ಕಚೇರಿಯನ್ನು ಸುಮ್ನೆ ಎಲ್ಲಿಂದಲೋ ತಂದು ಅಂಟಿಸಿದ್ದಾರೆ ಅಂತ ಅನ್ನಿಸಿದರೆ, ಎರಡನೇ ಅಂಕದ ಶುರುವನ್ನು ಇನ್ನೊಮ್ಮೆ ನೋಡಿ. ಪಿಂಗ್, ಪಾಂಗ್, ಪೊಂಗ್ ಎಂಬ ಮೂವರು ಮಂತ್ರಿಗಳು ಕೂತು ಲೆಕ್ಕ ಹಾಕುತ್ತಾರೆ. ಇಲಿ ವರ್ಷದಲ್ಲಿ ಆರು ತಲೆ. ನಾಯಿ ವರ್ಷದಲ್ಲಿ ಎಂಟು. ಈಗ ನಡೆಯುತ್ತಿರುವ ಹುಲಿ ವರ್ಷದಲ್ಲಿ ಆಗಲೇ ಹದಿಮೂರು. ವರ್ಷದ ಕೊನೆಗೆ ಲೆಡ್ಜರ್ ತೆಗೆದ ಹಾಗೆ! ಮಂತ್ರಿಗಳಾಗಿದ್ದವರು ಈಗ ಕಟುಕನ ಗುಮಾಸ್ತರಾಗಿಬಿಟ್ಟೆವಲ್ಲ ಅಂತ ಅವರೇ ಗೊಣಗುತ್ತಾರೆ. ಪಿಂಗ್‌ಗೆ ಹೋನಾನಿನಲ್ಲಿ ಒಂದು ಮನೆ ಇದೆ. ಪಕ್ಕದಲ್ಲಿ ಪುಟ್ಟ ಕೆರೆ, ಸುತ್ತ ಬಿದಿರು. ಅಲ್ಲಿಗೆ ಹೋಗಿ ಇರಬಹುದಿತ್ತು, ಇಲ್ಲಿ ಕೂತು ಈ ಶಾಸ್ತ್ರದ ಪುಸ್ತಕದಲ್ಲಿ ತಲೆ ಹುದುಗಿಸಿ ಸಾಯುತ್ತಿದ್ದೇನೆ ಅನ್ನುತ್ತಾನೆ. ರಿಟೈರ್ ಆಗುವುದನ್ನೇ ಕಾಯುವ ಹಿರಿಯ ಗುಮಾಸ್ತನ ಮಾತು ಅಲ್ವಾ ಇದು? ಬಂಗಾರದ ಅರಮನೆಯ ಪ್ರಯೋಗಗಳಲ್ಲಿ ಈ ಮೂವರು ಬೀಸಣಿಗೆ ಹಿಡಿದು ಕುಣಿಯುವ ಕೋಡಂಗಿಗಳಾಗಿಬಿಡುತ್ತಾರೆ. ಗುತ್ ಅವರಿಗೆ ಸೂಟು ತೊಡಿಸಿದಾಗ ಅವರ ಮಾತು ಮೊದಲ ಸಲ ಸರಿಯಾಗಿ ಕೇಳಿಸಿತು ಅಂತ ನನಗೆ ಅನ್ನಿಸಿತು. ಕ್ರೌರ್ಯ ನಡೆಯುವುದು ಕೊಡಲಿಯಿಂದ ಮಾತ್ರ ಅಲ್ಲ. ಒಂದು ಆದೇಶ, ಅದನ್ನು ಓದುವವನು, ಅದನ್ನು ಬರೆದಿಟ್ಟುಕೊಳ್ಳುವವನು, ಇವರೂ ಬೇಕು. ಒಪೆರಾ ಶುರುವಾಗುವುದೇ ಒಬ್ಬ ಅಧಿಕಾರಿ ಸುಗ್ರೀವಾಜ್ಞೆ ಓದುವುದರಿಂದ.

ಇನ್ನು ರಾಜಕುಮಾರಿ. ಮೊದಲ ಅಂಕದಲ್ಲಿ ಅವಳು ಒಂದು ಸ್ವರವನ್ನೂ ಹಾಡುವುದಿಲ್ಲ, ಗಮನಿಸಿದಿರಾ? ಬಂದು ಕಾಣಿಸಿಕೊಳ್ಳುತ್ತಾಳೆ, ಕೈಯಲ್ಲೊಂದು ಸನ್ನೆ, ಒಗಟಿನಲ್ಲಿ ಸೋತ ಪರ್ಷಿಯಾದ ರಾಜಕುಮಾರನ ಕಥೆ ಮುಗಿಯಿತು. ಎರಡನೇ ಅಂಕದ ನಡುವೆ ಮೊದಲ ಸಲ ಬಾಯಿ ತೆರೆಯುತ್ತಾಳೆ. ‘ಈ ಅರಮನೆಯಲ್ಲಿ’ ಅಂತ ಶುರುವಾಗುವ ಆ ಆರಿಯಾ, ಅಂದರೆ ಒಬ್ಬರೇ ಹಾಡುವ ಹಾಡು, ಒಪೆರಾ ಲೋಕದ ಅತಿ ಕಷ್ಟದ ಹಾಡುಗಳಲ್ಲಿ ಒಂದು. ಎಷ್ಟೋ ಸಾವಿರ ವರ್ಷದ ಹಿಂದೆ ತನ್ನ ವಂಶದ ಲೋ-ಉ-ಲಿಂಗ್ ಎಂಬ ರಾಣಿಯನ್ನು ಪರದೇಶದ ಗಂಡಸೊಬ್ಬ ಎಳೆದುಕೊಂಡು ಹೋಗಿ ಹಾಳುಮಾಡಿ ಕೊಂದ, ಅವಳ ಕೂಗು ನನ್ನೊಳಗೆ ಇನ್ನೂ ಇದೆ, ಅದಕ್ಕೇ ನಿಮ್ಮ ಮೇಲೆ ಸೇಡು ಅನ್ನುತ್ತಾಳೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತ ನಗಬಹುದು. ಹಳೇ ಪ್ರಯೋಗಗಳಲ್ಲಿ ಇದನ್ನು ಯಾರೂ ನಂಬುತ್ತಲೂ ಇರಲಿಲ್ಲ. ಹಾಡುಗಾರ್ತಿ ಎತ್ತರದ ಮೆಟ್ಟಿಲ ಮೇಲೆ ನಿಂತು ಉಕ್ಕಿನಂಥ ಗಂಟಲಲ್ಲಿ ಮೇಲಿನ ಸ್ವರ ಹೊಡೆದರೆ ಸಾಕಿತ್ತು. ಸ್ವೀಡನ್ನಿನ ಬಿರ್ಗಿತ್ ನಿಲ್ಸನ್ ಹಾಡಿದ್ದನ್ನು ಕೇಳಿ, ಸಾಕಿತ್ತು ಅಂದದ್ದು ಯಾಕೆ ಅಂತ ಗೊತ್ತಾಗುತ್ತದೆ.

ಗುತ್ ಈ ಹಾಡನ್ನು ನಂಬುತ್ತಾರೆ. ಅವರ ತುರಂದೋತ್ ಹಿಮದ ಗೊಂಬೆ ಅಲ್ಲ, ಹೆದರಿಕೊಂಡ ಹೆಣ್ಣು. ಗಂಡಸು ಹತ್ತಿರ ಬಂದರೆ ಮೈ ಮುದುಡಿಕೊಳ್ಳುವವಳು. ಗ್ರಿಗೊರಿಯನ್ ಅವರದ್ದು ಭಾರದ ಉಕ್ಕಿನ ದನಿಯಲ್ಲ. ಅದೇ ಇಲ್ಲಿ ಕೆಲಸಕ್ಕೆ ಬಂತು.

ಮುತ್ತಿನ ಮಾತಿಗೆ ವಾಪಸ್ ಬರೋಣ. ಆಲ್ಫಾನೋ ಮೊದಲು ಬರೆದ ಕೊನೆ ಉದ್ದವಾಗಿತ್ತು. ತೊಸ್ಕಾನಿನಿಗೆ ಹಿಡಿಸಲಿಲ್ಲ. ಪುಚ್ಚೀನಿಗಿಂತ ಆಲ್ಫಾನೋನೇ ಜಾಸ್ತಿ ಆಯ್ತು ಅಂತ ತಕರಾರು. ನೂರಕ್ಕೂ ಹೆಚ್ಚು ಬಾರ್‌ಗಳಷ್ಟು (ನಮ್ಮ ತಾಳದ ಆವರ್ತದಂಥ ಅಳತೆ) ಸಂಗೀತಕ್ಕೆ ಕತ್ತರಿ ಬಿತ್ತು. ಜಗತ್ತು ದಶಕಗಟ್ಟಲೆ ಕೇಳಿದ್ದು ಈ ಕತ್ತರಿಸಿದ ಕೊನೆಯನ್ನೇ. ಅದರಲ್ಲಿ ಮುತ್ತು ಬೀಳುತ್ತದೆ, ಅವಳು ಎರಡು ಹನಿ ಕಣ್ಣೀರು ಹಾಕುತ್ತಾಳೆ, ಎರಡು ನಿಮಿಷದಲ್ಲಿ ತುತ್ತೂರಿ ಮೊಳಗುತ್ತದೆ. ಮಳೆ ಬರುವ ಮುಂಚೆ ಒಣಹಾಕಿದ ಬಟ್ಟೆ ಎತ್ತಿಕೊಂಡ ಹಾಗೆ ಎಲ್ಲ ಗಡಿಬಿಡಿ. ಕತ್ತರಿ ಹಾಕದ ಉದ್ದದ ಕೊನೆಯನ್ನು 1982ರಲ್ಲಿ ಲಂಡನ್ನಿನಲ್ಲಿ ಒಂದು ಸಂಗೀತ ಕಛೇರಿಯಲ್ಲಿ ಹಾಡಿ ತೋರಿಸಿದ ಮೇಲೆ ಜನ ಅದರ ಕಡೆ ತಿರುಗಿ ನೋಡಲು ಶುರುಮಾಡಿದರು.

ವಿಯೆನ್ನಾದಲ್ಲಿ ಗುತ್ ತಗೊಂಡಿದ್ದು ಆ ಉದ್ದದ ಕೊನೆಯನ್ನೇ. ಸಂಗೀತವಾಗಿ ಅದು ದೊಡ್ಡದಲ್ಲ. ಆಲ್ಫಾನೋ ಕೂಗುವುದು ಜಾಸ್ತಿ, ಗಾಯಕರ ಗಂಟಲು ಹರಿಯುತ್ತದೆ. ಆದರೂ ಅಷ್ಟು ಹೊತ್ತಿನಲ್ಲಿ ತುರಂದೋತ್‌ಗೆ ಮಾತಾಡಲು ಜಾಗ ಸಿಗುತ್ತದೆ. ‘ನಿನ್ನನ್ನು ನೋಡಿದ ದಿನವೇ ಹೆದರಿದೆ, ನಿನ್ನ ಕಣ್ಣಲ್ಲಿ ಗೆದ್ದೇ ಗೆಲ್ಲುತ್ತೇನೆ ಎಂಬ ಹೊಳಪಿತ್ತು, ಅದಕ್ಕೇ ದ್ವೇಷಿಸಿದೆ, ಅದಕ್ಕೇ ಪ್ರೀತಿಸಿದೆ’ ಅನ್ನುವ ಅರ್ಥದ ಮಾತುಗಳು ಅಲ್ಲಿವೆ. ಕರಗಿದ್ದು ಮುತ್ತಿಗೆ ಅಲ್ಲ, ಆ ಭಯವನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ಅಂತ ಒಪ್ಪಿಕೊಳ್ಳಬಹುದು. ಪೂರ್ತಿ ಒಪ್ಪಿಗೆ ಆಗುತ್ತದಾ? ನನಗೆ ಮುಕ್ಕಾಲು ಪಾಲು.

ಬೇರೆಯವರ ಉತ್ತರಗಳೂ ಇವೆ. ಇಟಲಿಯ ಲುಚಾನೋ ಬೆರಿಯೋ ಬರೆದ ಕೊನೆ 2002ರಲ್ಲಿ ಹೊರಬಂತು. ಅದರಲ್ಲಿ ಜೈಕಾರ ಇಲ್ಲ, ಸದ್ದು ಕಡಿಮೆಯಾಗುತ್ತಾ ಹೋಗಿ ನಿಂತುಬಿಡುತ್ತದೆ. ವಾಷಿಂಗ್ಟನ್ನಿನಲ್ಲಿ 2024ರ ಮೇನಲ್ಲಿ ಕ್ರಿಸ್ಟಫರ್ ತಿನ್ ಹೊಸ ಸಂಗೀತ ಬರೆದು, ಸೂಸನ್ ಸೂನ್ ಹಿ ಸ್ಟಾಂಟನ್ ಹೊಸ ಮಾತು ಬರೆದು, ಫ್ರಾಂಚೆಸ್ಕಾ ಜಂಬೆಲ್ಲೋ ನಿರ್ದೇಶನದಲ್ಲಿ ಆಡಿದರು. ಬೀಜಿಂಗಿನ ಹಾವ್ ವೇಯಾ 2008ರಲ್ಲೇ ಒಂದು ಕೊನೆ ಬರೆದಿದ್ದರು.

ನನ್ನನ್ನು ಅತಿ ಹೆಚ್ಚು ಕಾಡಿದ್ದು ರೋಮಿನ ಪ್ರಯೋಗ. 2022ರ ಮಾರ್ಚ್, ನಿರ್ದೇಶಕ ಚೀನಾದ ಕಲಾವಿದ ಐ ವೇವೇ. ಸ್ವಂತ ದೇಶದ ಸರ್ಕಾರ ಜೈಲಿಗೆ ಹಾಕಿದ್ದ ಮನುಷ್ಯ ಅವರು. ಇನ್ನೊಂದು ಸಂಗತಿ ಕೇಳಿ. ನೀವು ನೋಡಿದ ನ್ಯೂಯಾರ್ಕಿನ ಬಂಗಾರದ ಅರಮನೆ ಇದೆಯಲ್ಲ, ಫ್ರಾಂಕೋ ಜೆಫಿರೆಲ್ಲಿ 1987ರಲ್ಲಿ ಮೆಟ್ರೊಪಾಲಿಟನ್ ಒಪೆರಾಕ್ಕೆ ಮಾಡಿದ್ದು, ಆ ರಂಗದ ತುಂಬ ಇದ್ದ ಜನರಲ್ಲಿ ಇವರೂ ಒಬ್ಬರು! ಆಗ ನ್ಯೂಯಾರ್ಕಿನಲ್ಲಿ ಕೈಯಲ್ಲಿ ಕಾಸಿಲ್ಲದ ಯುವಕ, ದುಡ್ಡು ಸಿಗುತ್ತದೆ ಅಂತ ಗುಂಪಿನ ಪಾತ್ರಕ್ಕೆ ನಿಂತಿದ್ದರು. ಅಂದರೆ ಗೋಪುರದ ಕೆಳಗೆ ಗುಂಪಿನಲ್ಲಿ ನಿಂತು ‘ತುರಂದೋತ್’ ನೋಡಿದವರು ಮೂವತ್ತೈದು ವರ್ಷದ ಮೇಲೆ ಅದನ್ನೇ ನಿರ್ದೇಶಿಸಿದರು. ಹಾಡುವವರ ಹಿಂದಿನ ಪರದೆಯ ಮೇಲೆ ನಿರಾಶ್ರಿತರು, ಹಾಂಗ್‌ಕಾಂಗಿನ ಪ್ರತಿಭಟನೆ, ಕೋವಿಡ್ ಕಾಲದ ಆಸ್ಪತ್ರೆಗಳು. ಸಂಗೀತ ನಡೆಸಿದವರು ಉಕ್ರೇನಿನ ಒಕ್ಸಾನಾ ಲಿನಿವ್. ಪ್ರಯೋಗ ಶುರುವಾಗುವ ಕೆಲವೇ ವಾರ ಮುಂಚೆ ಅವರ ದೇಶದ ಮೇಲೆ ಯುದ್ಧ ಬಿದ್ದಿತ್ತು. ಆ ಪ್ರಯೋಗ ಲಿಯೂ ಸಾವಿಗೆ ಮುಗಿಯಿತು, ತೊಸ್ಕಾನಿನಿ ಮೊದಲ ರಾತ್ರಿ ನಿಲ್ಲಿಸಿದ ಹಾಗೆ.

ನಿಲ್ಲಿಸುವುದು ಪ್ರಾಮಾಣಿಕ, ಒಪ್ಪುತ್ತೇನೆ. ಆದರೆ ಒಂದು ತೊಂದರೆ ಇದೆ. ಅಲ್ಲಿ ನಿಂತರೆ ರಾಜಕುಮಾರಿ ಕೊನೆಯವರೆಗೂ ಬರೀ ರಾಕ್ಷಸಿ ಆಗಿಯೇ ಉಳಿಯುತ್ತಾಳೆ. ಅವಳ ಲೆಕ್ಕ ಚುಕ್ತಾ ಆಗುವುದೇ ಇಲ್ಲ.

ಈಗ ನಿಮ್ಮ ಚೀನಾ. ಈ ಕಥೆಯಲ್ಲಿ ಚೀನಾ ಯಾವತ್ತೂ ಗಟ್ಟಿಯಾಗಿ ಇರಲಿಲ್ಲ. ‘ತುರಂದೋಖ್ತ್’ ಪರ್ಷಿಯನ್ ಹೆಸರು, ತುರಾನ್ ನಾಡಿನ ಮಗಳು ಅಂತ ಅರ್ಥ. ಅಂದರೆ ಮಧ್ಯ ಏಷ್ಯಾ ಕಡೆಯವಳು. ಒಗಟು ಹಾಕಿ ತಲೆ ಕಡಿಸುವ ರಾಜಕುಮಾರಿ ಹನ್ನೆರಡನೇ ಶತಮಾನದ ಪರ್ಷಿಯನ್ ಕವಿ ನಿಜಾಮಿಯಲ್ಲೇ ಇದ್ದಾಳೆ, ಅಲ್ಲಿ ಅವಳ ಊರು ರಷ್ಯಾ. ಹದಿನೆಂಟನೇ ಶತಮಾನದ ಶುರುವಿನಲ್ಲಿ ಒಬ್ಬ ಫ್ರೆಂಚ್ ವಿದ್ವಾಂಸ ಪರ್ಷಿಯನ್ ಕಥೆಗಳು ಅಂತ ಒಂದು ಸಂಗ್ರಹ ತಂದಾಗ ಅವಳು ಚೀನಾದ ರಾಜಕುಮಾರಿ ಆದಳು. ಅಲ್ಲಿಂದ ವೆನಿಸ್, ಅಲ್ಲಿಂದ ಜರ್ಮನ್ ಕವಿ ಷಿಲ್ಲರನ ನಾಟಕ, ಅಲ್ಲಿಂದ ಪುಚ್ಚೀನಿ. ಏಳು ಸಮುದ್ರದಾಚೆ ಅಂತ ನಮ್ಮಜ್ಜಿ ಹೇಳುತ್ತಿದ್ದಳಲ್ಲ, ಅವರಿಗೆಲ್ಲ ಚೀನಾ ಅಂದ್ರೆ ಅಷ್ಟೇ. ಅಂದಹಾಗೆ ಹೆಸರಿನ ಕೊನೆಯ ‘ತ್’ ಉಚ್ಚರಿಸಬೇಕೋ ಬೇಡವೋ ಅನ್ನುವ ಜಗಳ ಇನ್ನೂ ನಡೆದಿದೆ. ಮೊದಲ ಪ್ರದರ್ಶನದಲ್ಲಿ ಹಾಡಿದ ರೋಸಾ ರೈಸಾ, ಪುಚ್ಚೀನಿ ಆಗಲಿ ತೊಸ್ಕಾನಿನಿ ಆಗಲಿ ಆ ‘ತ್’ ಹೇಳುತ್ತಿರಲಿಲ್ಲ ಅಂದಿದ್ದರು. ನಾನು ‘ತ್’ ಪಕ್ಷ.

ನಿಜವಾದ ಚೀನಾ ಇರುವುದು ಒಂದು ಹಾಡಿನಲ್ಲಿ. ಪುಚ್ಚೀನಿಯ ಗೆಳೆಯ ಬ್ಯಾರನ್ ಫಸ್ಸಿನಿ ಚೀನಾದಲ್ಲಿ ಇದ್ದು ಬಂದವರು. ಅವರ ಹತ್ತಿರ ಕೀಲಿ ಕೊಟ್ಟರೆ ಹಾಡುವ ಪೆಟ್ಟಿಗೆ ಇತ್ತು. 1920ರಲ್ಲಿ ಪುಚ್ಚೀನಿ ಅದನ್ನು ಕೇಳಿದ. ಅದರೊಳಗಿನ ಒಂದು ಧಾಟಿ ‘ಮೊ ಲಿ ಹುವಾ’, ಮಲ್ಲಿಗೆ ಹೂವಿನ ಮೇಲಿನ ಜನಪದ ಗೀತೆ. ಮೊದಲ ಅಂಕದಲ್ಲಿ ಮಕ್ಕಳ ಗುಂಪೊಂದು ಮೆತ್ತಗೆ ಹಾಡುತ್ತದಲ್ಲ, ಅದೇ. ಅವರ ದನಿಯ ಹಿಂದೆ ಮರೆಯಲ್ಲಿ ಎರಡು ಸ್ಯಾಕ್ಸೊಫೋನ್ ನುಡಿಯುತ್ತವೆ. ಆಮೇಲೆ ರಾಜಕುಮಾರಿ ಬಂದಾಗಲೆಲ್ಲ ಈ ಮಲ್ಲಿಗೆಯ ಧಾಟಿ ಪೂರ್ತಿ ವಾದ್ಯಮೇಳದಲ್ಲಿ ಗುಡುಗುತ್ತದೆ. ಮಲ್ಲಿಗೆಯನ್ನು ಕೊಡಲಿಯ ಸದ್ದು ಮಾಡಿಬಿಟ್ಟ ಪುಣ್ಯಾತ್ಮ! ಇಷ್ಟು ಕಿವಿಗೆ ಬಿದ್ದರೆ, ರಂಗದ ಮೇಲೆ ಪಗೋಡಾ ಇಲ್ಲ ಅನ್ನುವುದು ದೊಡ್ಡ ಕೊರತೆ ಅಲ್ಲ.

ಪಗೋಡಾ ಬೇಕೇ ಬೇಕು ಅಂದರೆ ಅದಕ್ಕೂ ದಾರಿ ಇದೆ. 1998ರಲ್ಲಿ ಚಲನಚಿತ್ರ ನಿರ್ದೇಶಕ ಜಾಂಗ್ ಯಿಮೌ ಇದನ್ನು ಬೀಜಿಂಗಿನ ನಿಷೇಧಿತ ನಗರಿಯ ಪಕ್ಕದ ಹಳೇ ದೇವಾಲಯದ ಅಂಗಳದಲ್ಲೇ ಆಡಿಸಿದರು, ಮಿಂಗ್ ಕಾಲದ ಉಡುಪಿನಲ್ಲಿ. ಸಂಗೀತ ನಡೆಸಿದವರು ನಮ್ಮ ಮುಂಬೈಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ. 1972ರಲ್ಲಿ ಗಾಯಕರಾದ ಪವರೊಟ್ಟಿ ಮತ್ತು ಜೋನ್ ಸದರ್ಲೆಂಡ್ ಜೊತೆ ಅವರು ಮಾಡಿದ ಧ್ವನಿಮುದ್ರಿಕೆ ಇವತ್ತಿಗೂ ಮೊದಲು ಕೇಳಬೇಕಾದದ್ದು. ಇದರ ಎದುರು ತುದಿಯಲ್ಲಿ ರಾಬರ್ಟ್ ವಿಲ್ಸನ್. 2018ರಲ್ಲಿ ಮ್ಯಾಡ್ರಿಡ್ಡಿನಲ್ಲಿ ಬಂದ ಅವರ ಪ್ರಯೋಗದಲ್ಲಿ ಬರೀ ಬೆಳಕು, ಗೊಂಬೆಗಳ ಹಾಗೆ ನಿಂತ ಗಾಯಕರು. ಅದು ಮರುವರ್ಷ ಟೊರಾಂಟೋಗೆ ಹೋದಾಗ ಚೀನಿಯರನ್ನು ಗೇಲಿ ಮಾಡಿದಂತೆ ಆಗಬಾರದು ಅಂತ ಪಿಂಗ್, ಪಾಂಗ್, ಪೊಂಗ್ ಹೆಸರುಗಳನ್ನು ಜಿಮ್, ಬಾಬ್, ಬಿಲ್ ಅಂತ ಬದಲಾಯಿಸಿದರು. ಕಾಳಜಿ ಒಳ್ಳೆಯದೇ. ಆದರೂ ಪೀಕಿಂಗಿನಲ್ಲಿ ಬಾಬ್ ಅಂದಾಗ ನಗು ತಡೆಯುವುದು ಕಷ್ಟ.

ಒಂದು ಕಡೆ ಮಾತ್ರ ನಿಮ್ಮ ಗುತ್ ಸೇರಿದಂತೆ ಬಹಳ ನಿರ್ದೇಶಕರು ಸೋಲುತ್ತಾರೆ. ಮೂರನೇ ಅಂಕದ ಶುರುವಿನ ‘ನೆಸ್ಸುನ್ ದೋರ್ಮಾ’. ನಾನಂತೂ ಇದನ್ನು ಮೊದಲು ಕೇಳಿದ್ದು 1990ರ ಫುಟ್‌ಬಾಲ್ ವಿಶ್ವಕಪ್ ಹೊತ್ತಿಗೆ, ಪವರೊಟ್ಟಿ ಕ್ಯಾಸೆ‌ಟ್ಟಿನಲ್ಲಿ. ಗೆಲುವಿನ ಹಾಡು ಅಂತ ವರ್ಷಗಟ್ಟಲೆ ಅಂದುಕೊಂಡಿದ್ದೆ. ಪದಗಳ ಅರ್ಥ ‘ಯಾರೂ ಮಲಗಬಾರದು’. ಅದು ರಾಜಕುಮಾರಿಯ ಆಜ್ಞೆ. ಅಪರಿಚಿತನ ಹೆಸರು ಬೆಳಗಾಗುವುದರೊಳಗೆ ಸಿಗದಿದ್ದರೆ ಊರಿನವರ ತಲೆ ಉರುಳುತ್ತದೆ. ಕಲಾಫ್ ಆ ಆಜ್ಞೆಯನ್ನೇ ಎತ್ತಿಕೊಂಡು ತನ್ನ ಪ್ರೇಮದ ಹಾಡು ಹಾಡುತ್ತಾನೆ. ನಡುವೆ ದೂರದಿಂದ ಹೆಂಗಸರ ದನಿ ಬರುತ್ತದೆ, ತೀರಾ ಮೆತ್ತಗೆ. ‘ಅವನ ಹೆಸರು ಯಾರಿಗೂ ಗೊತ್ತಾಗುವುದಿಲ್ಲ, ಅಯ್ಯೋ, ನಾವು ಸಾಯಬೇಕು, ಸಾಯಬೇಕು.’ ಅದಕ್ಕೆ ಕಲಾಫ್ ಕೊಡುವ ಉತ್ತರ ‘ಗೆಲ್ಲುತ್ತೇನೆ, ಗೆಲ್ಲುತ್ತೇನೆ’. ಮೈದಾನಗಳಲ್ಲಿ, ಮದುವೆ ಮನೆಗಳಲ್ಲಿ ಹಾಡುವಾಗ ಆ ಹೆಂಗಸರ ಸಾಲು ಯಾರ ಕಿವಿಗೂ ಬೀಳುವುದಿಲ್ಲ. ಒಪೆರಾ ಮಂದಿರದಲ್ಲೂ ಟೆನರ್, ಅಂದರೆ ಕಲಾಫ್ ಆಗಿ ಹಾಡುವ ಎತ್ತರದ ದನಿಯ ಗಾಯಕನ ಮೇಲೆ ಬೆಳಕು ಬಿಟ್ಟು ಉಳಿದದ್ದನ್ನೆಲ್ಲ ಕತ್ತಲೆ ಮಾಡುತ್ತಾರೆ, ಚಪ್ಪಾಳೆ ಬೇಕಲ್ಲ. ಪುಚ್ಚೀನಿ ಅಲ್ಲಿ ಚಪ್ಪಾಳೆಗೆ ಜಾಗವನ್ನೇ ಇಟ್ಟಿಲ್ಲ, ಸಂಗೀತ ನಿಲ್ಲದೆ ಮುಂದಕ್ಕೆ ಹೋಗುತ್ತದೆ.

ಶೀರ್ಷಿಕೆ ಕ್ರೂರ ರಾಜಕುಮಾರಿಯದ್ದು, ಸರಿ. ಆದರೆ ಈ ರಾತ್ರಿ ಕ್ರೂರಿ ಯಾರು? ಒಂದು ಹೆಸರು ಹೇಳಿದ್ದರೆ ಲಿಯೂ ಉಳಿಯುತ್ತಿದ್ದಳು. ಅವಳನ್ನು ಹಿಂಸಿಸುವಾಗ ಕಲಾಫ್ ಅಲ್ಲೇ ಇದ್ದಾನೆ. ಕೂಗಾಡುತ್ತಾನೆ, ಬೇಡುತ್ತಾನೆ, ಹೆಸರು ಮಾತ್ರ ಹೇಳುವುದಿಲ್ಲ. ಲಿಯೂ ಸತ್ತ ಮೇಲೆ, ಮುತ್ತು ಸಿಕ್ಕ ಮೇಲೆ, ತಾನಾಗಿ ರಾಜಕುಮಾರಿಗೆ ಹೇಳುತ್ತಾನೆ. ಯಾವುದಾದರೂ ಹೊಸ ಪ್ರಯೋಗ ಇದನ್ನು ನೇರವಾಗಿ ಎದುರಿಸಲಿ ಅಂತ ನಾನು ಕಾಯುತ್ತಿದ್ದೇನೆ.

ನಿಮಗೆ ವಿಯೆನ್ನಾದಲ್ಲಿ ಅನುಕೂಲ ಇದೆ, ಇನ್ನೊಂದು ಸಲ ನಿಂತು ನೋಡಿ. ಸ್ವಲ್ಪ ಬೇಗ ಹೋಗಿ ಕಂಬಿಗೆ ಸ್ಕಾರ್ಫ್ ಕಟ್ಟಿ ಜಾಗ ಹಿಡಿಯಿರಿ, ಅಲ್ಲಿನ ವಾಡಿಕೆ ಅದು, ಯಾರೂ ಬಿಚ್ಚುವುದಿಲ್ಲ. ಒಗಟಿನ ದೃಶ್ಯದಲ್ಲಿ ಉತ್ತರಗಳನ್ನು ಸಾಲಾಗಿ ಗಮನಿಸಿ: ಭರವಸೆ, ರಕ್ತ, ತುರಂದೋತ್. ಅದಕ್ಕೂ ಮುಂಚೆ ‘ಒಗಟು ಮೂರು, ಸಾವು ಒಂದು’ ಅಂತ ಅವಳು, ‘ಒಗಟು ಮೂರು, ಬದುಕು ಒಂದು’ ಅಂತ ಅವನು ಹಾಡುವಾಗ ಶ್ರುತಿ ಒಂದೊಂದೇ ಮೆಟ್ಟಿಲು ಏರುವುದನ್ನು ಕೇಳಿ. ಮೂರನೇ ಅಂಕದಲ್ಲಿ ಲಿಯೂ ಹೆಣದ ಜೊತೆ ಮುದುಕ ತಿಮೂರ್ ಅವಳ ಕೈ ಹಿಡಿದುಕೊಂಡು ನಡೆಯುತ್ತಾನೆ. ಜನ ‘ಲಿಯೂ, ಕ್ಷಮಿಸು, ಮಲಗು, ಮರೆ’ ಅನ್ನುತ್ತಾ ದೂರ ಸರಿಯುತ್ತಾರೆ. ವಾದ್ಯಗಳು ಒಂದೊಂದಾಗಿ ಸುಮ್ಮನಾಗುತ್ತವೆ. ಕೊನೆಗೆ ಪಿಕೊಲೊ ಎಂಬ ಪುಟ್ಟ ಕೊಳಲಿನ ತೀರಾ ಮೇಲಿನ ಒಂದು ಸ್ವರ, ದಾರದಷ್ಟು ಸಣ್ಣ. ಅಲ್ಲಿ ಸಬ್‌ಟೈಟಲ್ ನೋಡಬೇಡಿ. ಆ ಸ್ವರದ ನಂತರ ಬರುವುದನ್ನೆಲ್ಲ ಬರೆದು ಮುಗಿಸಿದವರು ಬೇರೆಯವರು.